ಡಿಸ್ಟ್ರೋಫಿನ್ ಇಲ್ಲದ ಜೀಬ್ರಾ ಮೀನು: 1ರಿಂದ 30ನೇ ವಾರದವರೆಗೆ

ಗುರಿ: ಡುಶೆನ್ ಸ್ನಾಯುಕ್ಷಯದ ಔಷಧ ಪರೀಕ್ಷೆಗೆ, ಡಿಸ್ಟ್ರೋಫಿನ್ ಎಂಬ ಸ್ನಾಯು ಪ್ರೋಟೀನ್ ತಯಾರಿಸುವ ಡಿಎಂಡಿ ಜೀನ್ ಕೆಡಿಸಿದ ತಳಿ. ಇದೇ ಜೀನ್ ಕೆಟ್ಟದ್ದೆಂದು 2003ರಲ್ಲಿ ವರದಿಯಾದ ‘ಸಾಪ್ಯೆ’ ತಳಿ ಆಗಲೇ ಇದೆ. ಆದರೆ ಒಂದೇ ತಳಿಯನ್ನು ನೆಚ್ಚಿಕೊಂಡರೆ, ಕಂಡ ಲಕ್ಷಣ ಈ ಜೀನಿನದೋ ಹಿನ್ನೆಲೆಯ ಬೇರೆ ದೋಷದ್ದೋ ಗೊತ್ತಾಗುವುದಿಲ್ಲ.

ವಾರ 1. ಗೈಡ್ ಆಯ್ಕೆ, ಅಂದರೆ ಜೀನನ್ನು ಎಲ್ಲಿ ಕತ್ತರಿಸಬೇಕೆಂದು ಕ್ಯಾಸ್9 ಎಂಬ ಕತ್ತರಿ ಪ್ರೋಟೀನಿಗೆ ತೋರಿಸುವ ಆರ್‌ಎನ್‌ಎ. ಕತ್ತರಿಸುವ ಎಕ್ಸಾನಿನ (ಪ್ರೋಟೀನಿನ ಸಂಕೇತವಿರುವ ಜೀನ್ ತುಂಡಿನ) ಉದ್ದ 3ರಿಂದ ಭಾಗವಾಗಬಾರದು. ಭಾಗವಾದರೆ, ಜೀವಕೋಶ ಆ ಎಕ್ಸಾನನ್ನೇ ಹಾರಿಸಿ, ಚಿಕ್ಕದಾದರೂ ಕೆಲಸ ಮಾಡುವ ಪ್ರೋಟೀನ್ ತಯಾರಿಸಿಬಿಡಬಹುದು.

ವಾರ 2. ಒಂದೇ ಕೋಶದ ಭ್ರೂಣಕ್ಕೆ ಚುಚ್ಚುವಿಕೆ. ಕ್ಯಾಸ್9 ಪ್ರೋಟೀನ್ ಮತ್ತು ಗೈಡ್ ತಲಾ 5 ಮೈಕ್ರೋಮೋಲಾರ್, 300 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್, ಬಣ್ಣಕ್ಕೆ ಫೀನಾಲ್ ರೆಡ್. 37 ಡಿಗ್ರಿಯಲ್ಲಿ 5 ನಿಮಿಷ. ಉಪ್ಪು ಕಡಿಮೆಯಾದರೆ ಪ್ರೋಟೀನ್ ಗರಣೆ ಕಟ್ಟಿ ಸೂಜಿ ಮುಚ್ಚಿಕೊಳ್ಳುತ್ತದೆ. ಹನಿಯನ್ನು ಮಿನರಲ್ ಎಣ್ಣೆಯಲ್ಲಿ ಅಳೆಯಬೇಕು: ವ್ಯಾಸ 0.125 ಮಿ.ಮೀ. ಇದ್ದರೆ 1 ನ್ಯಾನೊಲೀಟರ್, 0.15 ಆದರೆ ಸುಮಾರು 1.8. ಕಣ್ಣಂದಾಜು ಇಲ್ಲಿ ನಡೆಯದು. ಮೊದಲ ವಿಭಜನೆ ಸುಮಾರು 45 ನಿಮಿಷಕ್ಕೇ ಆಗುವುದರಿಂದ ಅಷ್ಟರೊಳಗೆ ಮುಗಿಯಬೇಕು. ಚುಚ್ಚದ ಒಡಹುಟ್ಟುಗಳನ್ನೂ 28.5 ಡಿಗ್ರಿಯಲ್ಲಿ ಬೇರೆ ಇಡಿ. ಅವೂ ಸತ್ತರೆ ತಪ್ಪು ಸೂಜಿಯದಲ್ಲ, ಮೊಟ್ಟೆಯದು.

ವಾರ 14. ಚುಚ್ಚಿದ ಮೀನು ಬೆಳೆದಿವೆ. ಇವೆಲ್ಲ ಮಿಶ್ರ: ಒಂದೇ ಮೀನಿನ ಒಂದೊಂದು ಕೋಶದಲ್ಲಿ ಒಂದೊಂದು ಬಗೆಯ ಕತ್ತರಿಕೆ. ಬಾಲದ ರೆಕ್ಕೆಯ ಡಿಎನ್‌ಎ ನೋಡಿ ವೀರ್ಯದಲ್ಲೂ ಅದೇ ಇದೆ ಅಂದುಕೊಳ್ಳುವುದು ಹೊಸಬರ ಸಾಮಾನ್ಯ ತಪ್ಪು. ಸಹಜ ಮೀನಿನ ಜೊತೆ ಕೂಡಿಸಿ ಭ್ರೂಣಗಳನ್ನೇ ಪರೀಕ್ಷಿಸಬೇಕು: ಡಿಎನ್‌ಎ ಬಿಡಿಸಲು 50 ಮಿಲಿಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್, 95 ಡಿಗ್ರಿ, 20 ನಿಮಿಷ, ತಣಿದ ಮೇಲೆ ಕ್ಷಾರ ತಗ್ಗಿಸಲು ಹತ್ತರಲ್ಲೊಂದು ಪಾಲು ಟ್ರಿಸ್, ಆಮೇಲೆ ಪಿಸಿಆರ್.

ವಾರ 27. ಮುಂದಿನ ಪೀಳಿಗೆಯನ್ನು ಸೀಕ್ವೆನ್ಸ್ ಮಾಡಿ 7 ಬೇಸ್ ಅಳಿದವನ್ನು ಉಳಿಸಿಕೊಂಡದ್ದಾಯಿತು. 6 ಬೇಸ್ ಅಳಿದವು ಜೆಲ್ಲಿನಲ್ಲಿ ಎಷ್ಟೇ ಚೆನ್ನಾಗಿ ಕಂಡರೂ ಬೇಡ: ಬೇಸ್‌ಗಳನ್ನು ಮೂರು ಮೂರಾಗಿ ಓದುವ ಚೌಕಟ್ಟು ಹಾಗೇ ಉಳಿಯುತ್ತದೆ.

ವಾರ 28–30. ಒಂದು ಪ್ರತಿ ಕೆಟ್ಟ ಗಂಡು ಹೆಣ್ಣು ಕೂಡಿಸಿದರೆ ನಾಲ್ಕರಲ್ಲೊಂದು ಮರಿಗೆ ಎರಡೂ ಪ್ರತಿ ಕೆಟ್ಟಿರುತ್ತವೆ. ಅವು ದೊಡ್ಡವಾಗುವ ಮುನ್ನವೇ ಸಾಯುವುದರಿಂದ ತಳಿ ಕಾಯುವುದು ಒಂದು ಪ್ರತಿ ಕೆಟ್ಟವುಗಳಲ್ಲೇ.

ನಾಲ್ಕನೇ ದಿನ ಮರಿಯನ್ನು ಟ್ರೈಕೇನ್‌ನಿಂದ ಮಂಪರುಗೊಳಿಸಿ, ಅಡ್ಡಡ್ಡ ಇಟ್ಟ ಎರಡು ಪೋಲರೈಸಿಂಗ್ ಫಿಲ್ಟರ್‌ಗಳ ನಡುವೆ ನೋಡಬೇಕು. ಸರಿಯಾದ ಸ್ನಾಯು ಹೊಳೆಯುತ್ತದೆ, ಹರಿದದ್ದು ಕಪ್ಪು ಕಲೆಯಾಗಿ ಕಾಣುತ್ತದೆ. ಮರಿ ತುಸು ಓರೆಯಾದರೂ ಹೊಳಪು ಬದಲಾಗುವುದರಿಂದ ಪ್ರತಿ ಚಿತ್ರಕ್ಕೂ ಒಂದೇ ಭಂಗಿ. ಅಂಕ ಕೊಟ್ಟಾದ ಮೇಲೆಯೇ ಜೀನ್ ಪರೀಕ್ಷೆ. ಮೊದಲೇ ಗೊತ್ತಿದ್ದರೆ ಕಣ್ಣು ಪಕ್ಷ ವಹಿಸುತ್ತದೆ.

ಔಷಧ ಹಾಕುವುದು ಮೊದಲ ದಿನದಿಂದ, ಅದನ್ನು ಕರಗಿಸುವ ಡಿಎಂಎಸ್‌ಒ ಶೇ 1 ಮೀರದಂತೆ. ಹೋಲಿಕೆಗೆ ಅಮಿನೋಫಿಲಿನ್ ಇರಲಿ. 2011ರಲ್ಲಿ ಸಾಪ್ಯೆ ಮೀನಿನ ಮೇಲೆ ನಡೆದ ಶೋಧದಲ್ಲಿ ಫಲ ಕೊಟ್ಟದ್ದು ಅದು.

ಅತಿ ದೊಡ್ಡ ಮೋಸ ಇಲ್ಲಿದೆ. ಸ್ನಾಯು ಹರಿಯುವುದು ಎಳೆತದಿಂದ. ಹಾಗಾಗಿ ಮರಿಯನ್ನು ಮರಗಟ್ಟಿಸುವ ಯಾವ ವಸ್ತು ಹಾಕಿದರೂ ಸ್ನಾಯು ಹೊಳೆದೇ ಹೊಳೆಯುತ್ತದೆ, ರೋಗ ವಾಸಿಯಾದಂತೆ! ಅದಕ್ಕೇ ಚಿತ್ರ ತೆಗೆಯುವ ಮುನ್ನ, ಟ್ರೈಕೇನ್ ಹಾಕುವುದಕ್ಕೂ ಮೊದಲು, ಪ್ರತಿ ಮರಿಯ ಬಾಲವನ್ನು ಸೂಜಿಯಿಂದ ಮುಟ್ಟಿ ನೋಡುವುದು. ಛಂಗನೆ ಓಡದ ಮರಿಯನ್ನು ಗುಣವಾದವುಗಳ ಪಟ್ಟಿಗೆ ಸೇರಿಸುತ್ತಿಲ್ಲ.