ಬೆನ್ ಹೋದರು, ಈಗ ಸಮಾಧಾನ ಆಯ್ತಾ?

ಪಿಟ್ಸ್‌ಬರ್ಗ್‌ನ ನಮ್ಮ ಕನ್ನಡದವರು ಯಾರೇ ಸಿಗಲಿ, ಈ ಪ್ರಶ್ನೆ ಗ್ಯಾರಂಟಿ. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನದಲ್ಲಿ ಪುಳಿಯೋಗರೆಗೆ ಸಾಲು ನಿಂತಾಗಲೂ ಬಿಡುವುದಿಲ್ಲ. "ಬೆನ್ ಹೋಗಲಿ, ಹೋಗಲಿ ಅಂತ ಬಾಯಿ ಬಡ್ಕೊಳ್ತಿದ್ರಲ್ಲ ಮೇಡಂ, ಈಗ ಸಮಾಧಾನ ಆಯ್ತಾ?"

ಪ್ರಶ್ನೆಯಲ್ಲಿ ಕೊಂಕಿದೆ. ನಮ್ಮೂರಿನ ಅಮೆರಿಕನ್ ಫುಟ್‌ಬಾಲ್ ತಂಡ ಸ್ಟೀಲರ್ಸ್‌ನ ಕ್ವಾರ್ಟರ್‌ಬ್ಯಾಕ್ ಬೆನ್ ರಾತ್ಲಿಸ್‌ಬರ್ಗರ್ 2022ರ ಜನವರಿಯಲ್ಲಿ ನಿವೃತ್ತರಾದರು. ಆಮೇಲೆ ಅವರ ಜಾಗಕ್ಕೆ ಕೆನ್ನಿ ಪಿಕೆಟ್ ಬಂದರು, ಹೋದರು. ರಸೆಲ್ ವಿಲ್ಸನ್, ಜಸ್ಟಿನ್ ಫೀಲ್ಡ್ಸ್ ಬಂದರು, ಹೋದರು. ಯಾರೂ ನೆಲೆ ನಿಲ್ಲಲಿಲ್ಲ. ಹಾಗಾಗಿ ಇವಳ ಬಾಯಿ ಈಗಲಾದರೂ ಮುಚ್ಚಿರಬೇಕು ಅಂತ ಇವರ ಲೆಕ್ಕ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಹತ್ತು ಯಾರ್ಡ್ ಮುಂದೆ ಹೋಗಲು ನಾಲ್ಕು ಅವಕಾಶ, ಒಂದೊಂದಕ್ಕೂ ಡೌನ್ ಅಂತ ಹೆಸರು. ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಎಸೆಯಬೇಕೋ, ಓಡುವವನ ಕೈಗೆ ಕೊಡಬೇಕೋ, ಎಲ್ಲ ಅಲ್ಲಿಂದಲೇ ಶುರು.

ಬೆನ್ 2004ರಲ್ಲಿ ಬಂದರು, ಎರಡು ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಗೆದ್ದುಕೊಟ್ಟರು. ಮೈಮೇಲೆ ಇಬ್ಬರು ಜೋತು ಬಿದ್ದಿದ್ದರೂ ಕೊಡವಿಕೊಂಡು ದೂರ ಎಸೆಯುವ ಆಸಾಮಿ. 2019ರ ಸೆಪ್ಟೆಂಬರ್‌ನಲ್ಲಿ ಎಸೆಯುವ ಕೈಯ ಮೊಣಕೈಯೇ ಕೈಕೊಟ್ಟಿತು. ಆಪರೇಷನ್ ಆಯಿತು. ಮರುವರ್ಷ ವಾಪಸ್ ಬಂದದ್ದು ಬೇರೆಯೇ ಬೆನ್. ಚೆಂಡು ಕೈಗೆ ಬಂದದ್ದೇ ತಡ, ಹತ್ತಿರ ಯಾರಿದ್ದಾರೋ ಅವರಿಗೆ ಎಸೆದು ಮುಗಿಸುವುದು. ಹಾಗೆ ಆಡಿಯೇ 2020ರಲ್ಲಿ ಸತತ 11 ಆಟ ಗೆದ್ದೆವು ನೋಡಿ, ಅದೇ ನಮಗೆ ಮುಳುವಾಯಿತು. ಗೆಲ್ಲುತ್ತಿರುವಾಗ ಯಾರು ಸೊಲ್ಲೆತ್ತುತ್ತಾರೆ? ಉಳಿದ ಐದರಲ್ಲಿ ನಾಲ್ಕು ಸೋತೆವು. ಪ್ಲೇಆಫ್‌ನಲ್ಲಿ, ನಮ್ಮದೇ ಮೈದಾನದಲ್ಲಿ, ಕ್ಲೀವ್‌ಲ್ಯಾಂಡ್ ಎದುರು ಆಟ ಶುರುಮಾಡಲು ಹಿಂದಕ್ಕೆ ಕೊಡುವ ಮೊದಲ ಚೆಂಡೇ ಬೆನ್ ತಲೆ ಮೇಲಿಂದ ಹಾರಿಹೋಯಿತು. ಮೊದಲ ಕ್ವಾರ್ಟರ್ ಮುಗಿದಾಗ ಅವರು 28, ನಾವು 0. ಅವತ್ತು ಬೆನ್ 501 ಯಾರ್ಡ್ ಎಸೆದರಲ್ಲ ಅಂತ ಈಗಲೂ ನೆನಪಿಸುವವರಿದ್ದಾರೆ. ಎಸೆದರು, ನಿಜ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ.

ನನ್ನ ಸಿಟ್ಟು ಅವರ ವಯಸ್ಸಿನ ಮೇಲೆ ಇರಲಿಲ್ಲ. ದೂರಕ್ಕೆ ಎಸೆಯುವುದಿಲ್ಲ ಅಂತ ಎದುರಾಳಿಗೆ ಗೊತ್ತಾದರೆ ಹಿಂದೆ ಕಾಯಬೇಕಾದವರೂ ಮುಂದಕ್ಕೆ ಬಂದು ನಿಲ್ಲುತ್ತಾರೆ. ಆಗ ಓಡುವವನಿಗೂ ದಾರಿ ಇಲ್ಲ. 2021ರಲ್ಲಿ ಹೊಸ ಹುಡುಗ ನಜೀ ಹ್ಯಾರಿಸ್ ಆ ಸಂದಣಿಯಲ್ಲೇ 1,200 ಯಾರ್ಡ್ ಓಡಿದ, ಪಾಪ. ಅದೇ ವರ್ಷ ಅಫೆನ್ಸ್, ಅಂದರೆ ಚೆಂಡು ನಮ್ಮ ಕೈಲಿದ್ದಾಗಿನ ಆಟ, ನೋಡಿಕೊಳ್ಳುವ ಕೋಚ್ ಆಗಿ ಮ್ಯಾಟ್ ಕೆನಡಾ ಬಂದರು. ಅವರ ಪದ್ಧತಿಯಲ್ಲಿ ಕ್ವಾರ್ಟರ್‌ಬ್ಯಾಕ್ ಮುಂದೆಯೇ ನಿಂತು ಚೆಂಡು ತಗೊಂಡು, ಎದುರಾಳಿಗೆ ಬೆನ್ನು ತಿರುಗಿಸಿ, ಓಡುವವನಿಗೆ ಕೊಟ್ಟ ಹಾಗೆ ನಟಿಸಿ ಆಮೇಲೆ ಎಸೆಯಬೇಕು. ಬೆನ್‌ಗೆ ಅದು ಆಗಿಬರದು. ಹಿಂದೆ ನಿಂತು ಎಲ್ಲ ಕಣ್ಣೆದುರು ಕಾಣಬೇಕು. ಕೊನೆಗೆ ಅರ್ಧ ಅವರ ಅಡುಗೆ, ಅರ್ಧ ಇವರ ಒಗ್ಗರಣೆ. ನಾವು ಅದನ್ನೇ ನುಂಗಿದೆವು.

ನಾನು ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೆ. ಹತ್ತು ಯಾರ್ಡ್‌ಗಿಂತ ದೂರ ಎಸೆದಾಗ ಒಂದು ಗೆರೆ. ಅರ್ಧ ಆಟ ಮುಗಿದರೂ ಗೆರೆ ಎಣಿಸಲು ಒಂದು ಕೈ ಸಾಕಾಗುತ್ತಿದ್ದ ದಿನಗಳಿದ್ದವು. ಮೂರನೇ ಡೌನ್, ಎಂಟು ಯಾರ್ಡ್ ಬೇಕು, ಎಸೆದದ್ದು ಮೂರು. ಕೊಡುಬಳೆ ಡಬ್ಬ ಖಾಲಿಯಾಗುತ್ತಿತ್ತು, ಪುಟ ತುಂಬುತ್ತಿರಲಿಲ್ಲ.

ಬೆಂಗಳೂರಲ್ಲಿರುವ ನನ್ನ ತಮ್ಮ ಆರ್‌ಸಿಬಿ ಭಕ್ತ. ನನ್ನ ಗೋಳು ಅವನಿಗೆ ಅರ್ಥವೇ ಆಗುತ್ತಿರಲಿಲ್ಲ. 2025ರ ಮಾರ್ಚ್‌ನಲ್ಲಿ ಚೆಪಾಕ್‌ನಲ್ಲಿ ಆರ್‌ಸಿಬಿ ಎದುರು, ಅಶ್ವಿನ್ ಆದ ಮೇಲೆ, ಧೋನಿ ಒಂಬತ್ತನೆಯವರಾಗಿ ಬ್ಯಾಟ್ ಹಿಡಿದು ಬಂದರಲ್ಲ, ಅವತ್ತು ಫೋನ್ ಮಾಡಿದ. "ಅಕ್ಕಾ, ನೀನು ಹೇಳ್ತಿದ್ದದ್ದು ಇದನ್ನೇ ಅಲ್ವಾ?" ಇದನ್ನೇ ಕಣೋ. ಒಬ್ಬರಿಗೆ ಒಗ್ಗುವ ಹಾಗೆ ಇಡೀ ತಂಡ ಮೈ ಕುಗ್ಗಿಸಿಕೊಳ್ಳುವುದು. ಅವನಿಗೇನು, ಗೆದ್ದ ಖುಷಿಯಲ್ಲಿ ನಗುತ್ತಿದ್ದ.

ಹಾಗಂತ ಬೆನ್ ಸ್ವಾರ್ಥಿ ಅಂದರೆ ನಾನೇ ಜಗಳಕ್ಕೆ ಬರುತ್ತೇನೆ. ಕೊನೆಯ ವರ್ಷ ಆಡಲು ಸಂಬಳದಲ್ಲಿ 50 ಲಕ್ಷ ಡಾಲರ್ ಬಿಟ್ಟುಕೊಟ್ಟವರು ಅವರು. 2022ರ ಜನವರಿ 3, ನಮ್ಮ ಮೈದಾನ ಹೈಂಜ್ ಫೀಲ್ಡ್‌ನಲ್ಲಿ ಅವರ ಕೊನೆಯ ಆಟ, ಮತ್ತೆ ಅದೇ ಕ್ಲೀವ್‌ಲ್ಯಾಂಡ್. 46 ಸಲ ಎಸೆದರು. ಸಿಕ್ಕಿದ್ದು 123 ಯಾರ್ಡ್. ಎಸೆತಕ್ಕೆ ಮೂರು ಯಾರ್ಡೂ ಬೀಳಲಿಲ್ಲ. ಆದರೂ ಗೆದ್ದೆವು, 26-14. ಆಟ ಮುಗಿದ ಮೇಲೆ ಬೆನ್ ಮೈದಾನಕ್ಕೆ ಒಂದು ಸುತ್ತು ಬಂದರು. ಟಿವಿ ಮುಂದೆ ನಾನು ಹಳದಿ ಟವೆಲ್‌ನಲ್ಲಿ ಕಣ್ಣೊರೆಸಿಕೊಂಡೆ. ಮಡಿಲಲ್ಲಿ ಅದೇ ನೋಟ್‌ಬುಕ್.

ಸಮಾಧಾನ ಆಯ್ತಾ ಅಂದರೆ, ಇಲ್ಲ. ಅವರು ಹೋದರೂ ಕೆನಡಾ 2023ರ ನವೆಂಬರ್‌ವರೆಗೆ ಇದ್ದರು, ಕೈಗಳು ಬದಲಾದವು, ಆಟ ಮಾತ್ರ ಅದೇ ಚಪ್ಪೆ. ಆಗ ನಾನು ಬೈದದ್ದರಲ್ಲಿ ಅರ್ಧದಷ್ಟು ತಪ್ಪು ವಿಳಾಸಕ್ಕೆ ಹೋಗಿತ್ತೇನೋ. ಉಳಿದರ್ಧ ವಾಪಸ್ ತಗೊಳ್ಳುವುದಿಲ್ಲ.

2025ರ ಜೂನ್‌ನಲ್ಲಿ ಸ್ಟೀಲರ್ಸ್ ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್ ಅವರನ್ನು ಕರೆತಂದರು. ಆಗ ವಯಸ್ಸು 41. ಸುದ್ದಿ ನೋಡಿದ ನಮ್ಮೆಜಮಾನರು ಒಂದು ಮಾತೂ ಆಡಲಿಲ್ಲ. ಒಳಗೆ ಹೋಗಿ ಹಳೇ ನೋಟ್‌ಬುಕ್ ಹುಡುಕಿ ತಂದು, ಪೆನ್ ಸಮೇತ ನನ್ನ ಮುಂದಿಟ್ಟರು.