ಬಿಳಿಗಿರಿಯ ಕಾಡಲ್ಲಿ ಸೋಲಿಗರ ಜೊತೆ

ಯಳಂದೂರು ದಾಟಿ, ಗುಂಬಳ್ಳಿ ಚೆಕ್‌ಪೋಸ್ಟ್ ಕಳೆದರೆ ಘಟ್ಟದ ರಸ್ತೆ ಶುರು. ಬಿಳಿಗಿರಿರಂಗನ ಬೆಟ್ಟಕ್ಕೆ ಬರುವವರು ಜಾಸ್ತಿ ರಂಗನಾಥನ ದರ್ಶನ ಮಾಡಿ, ಸಾಧ್ಯವಾದರೆ ಕೆ. ಗುಡಿಯಲ್ಲಿ (ಕ್ಯಾತೆದೇವರ ಗುಡಿ) ಸಫಾರಿ ಜೀಪು ಹತ್ತಿ, ಹೊತ್ತು ಮುಳುಗುವುದರೊಳಗೆ ಇಳಿದುಬಿಡುತ್ತಾರೆ. ನನಗೆ ಹುಲಿಗಿಂತ ಇಲ್ಲೇ ಹುಟ್ಟಿ, ಇಲ್ಲೇ ದುಡಿಯುವ ಬುಡಕಟ್ಟಿನ ಜನ ಸೋಲಿಗರನ್ನು ಕಾಣುವ ಆಸೆಯಿತ್ತು.

ಇದು ಸುಮಾರು 575 ಚದರ ಕಿಲೋಮೀಟರ್ ಕಾಡು. 1974ರಲ್ಲಿ ವನ್ಯಜೀವಿಧಾಮವಾಯಿತು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶ. ಸೋಲಿಗರು ಅದಕ್ಕೂ ಎಷ್ಟೋ ತಲೆಮಾರು ಹಿಂದಿನಿಂದ ಇಲ್ಲಿದ್ದಾರೆ. ಬೆಟ್ಟದ ರಂಗಪ್ಪನೇ ಅವರಿಗೆ ಭಾವ! ಸೋಲಿಗರ ಹುಡುಗಿಯನ್ನು ಮದುವೆಯಾದನಂತೆ. ಮೊದಲು ಜಾಗ ಬದಲಿಸುತ್ತಾ ಬೇಸಾಯ ಮಾಡುತ್ತಿದ್ದವರು ಈಗ ಪೋಡು ಅನ್ನುವ ಸಣ್ಣ ಹಾಡಿಗಳಲ್ಲಿ ನೆಲೆ ನಿಂತಿದ್ದಾರೆ. ಮನೆ ಪಕ್ಕ ಒಂದಿಷ್ಟು ಕಾಫಿ ಗಿಡ, ಉಳಿದಂತೆ ಕಾಡಿನಿಂದ ತರುವ ಜೇನು, ನೆಲ್ಲಿಕಾಯಿ, ಅಂಟುವಾಳ, ಮರದ ಪಾಚಿ.

ನಾವು ಹೋದದ್ದು ಬೇಸಿಗೆ ಕಾಲಿಡುವ ಹೊತ್ತು. ರಸ್ತೆ ಬದಿಯಲ್ಲಿ ಅರಣ್ಯ ಇಲಾಖೆಯ ವಾಚರ್‌ಗಳು ಬೆಂಕಿ ರೇಖೆ ಮಾಡುತ್ತಿದ್ದರು. ಒಣಹುಲ್ಲು ಸವರಿ, ಒಂದು ಪಟ್ಟಿಯಷ್ಟು ಜಾಗವನ್ನು ಎಚ್ಚರದಿಂದ ಸುಡುತ್ತಾರೆ. ಕಾಡಿಗೆ ಕಿಚ್ಚು ಬಿದ್ದರೂ ಆ ಪಟ್ಟಿ ದಾಟಬಾರದು, ಅಷ್ಟೇ. ಗಾಳಿ ತಿರುಗಿದಾಗಲೆಲ್ಲ ಹಸಿ ಸೊಪ್ಪು ಹಿಡಿದು ಓಡಬೇಕು. ಅವರಲ್ಲಿ ಸೋಲಿಗರೂ ಇದ್ದರು. ದಿನಗೂಲಿಗೆ ಮಾಡುವ ಈ ಕೆಲಸ ಎಷ್ಟು ಕಷ್ಟದ್ದು ಅನ್ನೋದು ಹತ್ತಿರ ನಿಂತರೇ ಗೊತ್ತಾಗೋದು. ಮುಖಕ್ಕೆ ಬಡಿಯುವ ಆ ಕಾವನ್ನು ನನಗೆ ಸ್ವಲ್ಪ ಹೊತ್ತೂ ತಡೆಯಲಾಗಲಿಲ್ಲ.

ಪೋಡಿನ ಹಿರಿಯರೊಬ್ಬರು ನಮ್ಮನ್ನು ಒಂದು ನೆಲ್ಲಿ ಮರದ ಕೆಳಗೆ ಕರೆದೊಯ್ದರು. ಕೊಂಬೆ ಬಗ್ಗಿಸಿ ತೋರಿಸಿದರು. ನೆಲ್ಲಿಯ ಸಣ್ಣ ಎಲೆಗಳ ನಡುವೆ ಬೇರೆಯೇ ದಪ್ಪ ಎಲೆಯ ಗೊಂಚಲು. ಬಂದಳಿಕೆ! ಬೇರೆ ಮರದ ಮೇಲೆ ಬೆಳೆದು ಅದರ ಸಾರ ಹೀರುವ ಗಿಡ. ಅದು ಕೂತಲ್ಲಿ ಕೊಂಬೆ ಗಂಟುಗಟ್ಟಿ ಊದಿತ್ತು, ಅದರಾಚೆಗೆ ತುದಿಯವರೆಗೂ ಒಣಗಿತ್ತು, ಕಾಯಿ ಒಂದೂ ಇರಲಿಲ್ಲ. ಮರದ ಬುಡಕ್ಕೆ ಹೋಗಲು ಲಂಟಾನ ಅನ್ನುವ ಮುಳ್ಳು ಕಳೆಗಿಡದ ಮೆಳೆ ಬಿಡಲೇ ಇಲ್ಲ. ಅವರು ಕತ್ತಿಯಿಂದ ದಾರಿ ಬಿಡಿಸಿಕೊಟ್ಟರೂ ನಮ್ಮ ಮೈಕೈ ತರಚಿತು.

'ಮೊದಲು ಹಿಂಗಿರಲಿಲ್ಲ ಸ್ವಾಮಿ' ಅಂದರು. ಆಗ ಇಲ್ಲಿ ತರಗು ಬೆಂಕಿ ಹಾಕುತ್ತಿದ್ದರಂತೆ. ಬೇಸಿಗೆಯ ಮೊದಲಲ್ಲಿ ಉದುರಿದ ತರಗೆಲೆಗೆ ಮಾತ್ರ ಹಿಡಿಯುವ ಸಣ್ಣ ಬೆಂಕಿ. ನೆಲದ ಮೇಲೇ ಹರಿದು ಹೋಗುತ್ತದೆ, ದೊಡ್ಡ ಮರಕ್ಕೆ ತಾಗುವುದಿಲ್ಲ. ಲಂಟಾನದ ಸಸಿ, ಬಂದಳಿಕೆ ಎರಡೂ ಹತೋಟಿಯಲ್ಲಿರುತ್ತಿದ್ದವು, ಹೊಸ ಹುಲ್ಲು ಚಿಗುರುತ್ತಿತ್ತು. ವನ್ಯಜೀವಿಧಾಮವಾದ ಮೇಲೆ ಅದು ನಿಂತಿತು. ಈಗ ಲಂಟಾನ ಆಳೆತ್ತರ ಬೆಳೆದು ಒಣಗುತ್ತದೆ. ಅದಕ್ಕೆ ಕಿಚ್ಚು ಬಿದ್ದರೆ ಮರದ ನೆತ್ತಿಯವರೆಗೂ ಏರುತ್ತದೆ. ಕಾಡನ್ನು ಬೆಂಕಿಯಿಂದ ಕಾಯಲು ಹೋಗಿ ದೊಡ್ಡ ಬೆಂಕಿಗೇ ಸೌದೆ ಕೂಡಿಟ್ಟ ಹಾಗಾಯಿತಲ್ವಾ?

ದೊಡ್ಡ ಸಂಪಿಗೆಗೂ ಹೋಗಿ ಬಂದೆವು. ಭಾರ್ಗವಿ ಹೊಳೆಯ ಪಕ್ಕದ ಆ ಹಳೇ ಮರವೇ ಸೋಲಿಗರಿಗೆ ದೇವರು. ಬುಡದಲ್ಲಿ ಸಾಲು ಕಲ್ಲುಗಳು, ಕುಂಕುಮ. ಅಲ್ಲಿ ಮಾತಾಡಬೇಕು ಅನ್ನಿಸಲಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಇಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ದೇಶದಲ್ಲೇ ಮೊದಲು. ಜೇನು, ನೆಲ್ಲಿಕಾಯಿ ತರುವುದಷ್ಟೇ ಅಲ್ಲ, ಕಾಡನ್ನು ಕಾಪಾಡಿ ನೋಡಿಕೊಳ್ಳುವ ಹಕ್ಕನ್ನೂ ಆ ಕಾಯ್ದೆ ಕೊಡುತ್ತದೆ. ಹಾಗಿದ್ದ ಮೇಲೆ ಬೆಂಕಿ ರೇಖೆಗೆ ಸೋಲಿಗರ ತೋಳು ಬೇಕು, ಅವರ ತಿಳಿವಳಿಕೆ ಮಾತ್ರ ಬೇಡ ಅಂದರೆ ಹೇಗೆ? ಲಂಟಾನ ಮುಚ್ಚಿದ ಒಂದು ಸಣ್ಣ ಗುಡ್ಡವನ್ನಾದರೂ ಅವರ ಕೈಗೆ ಕೊಟ್ಟು, ನಾಲ್ಕಾರು ವರ್ಷ ಅವರು ಹೇಳಿದ ಹೊತ್ತಿಗೆ, ಅವರು ಹೇಳಿದಷ್ಟೇ ಸುಟ್ಟು ನೋಡಲಿ. ನೆಲ್ಲಿ ಮರಗಳಲ್ಲಿ ಕಾಯಿ ಹೆಚ್ಚಿತೋ ಇಲ್ಲವೋ ಎಣಿಸಿದರೆ ಗೊತ್ತಾಗುತ್ತದೆ.