ಬಾಲ ಹಿಡಿದು ಎತ್ತುವುದು

ಓದುವಾಗ ಎರಡು ವರ್ಷ ಲ್ಯಾಬಿನ ಇಲಿಗಳನ್ನು ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಬಿಳಿ ಇಲಿ, ಕೆಂಪು ಕಣ್ಣು, ಕಿವಿಯಲ್ಲಿ ನಂಬರಿನ ಬಿಲ್ಲೆ. ಸೀನಿಯರ್ ಮೊದಲ ದಿನ ಕಲಿಸಿದ್ದು ಇಷ್ಟೇ: ಬಾಲದ ಬುಡ ಹಿಡಿ, ಎತ್ತು, ಪಕ್ಕದ ಪಂಜರಕ್ಕೆ ಬಿಡು. ನಾನು ಕೈ ಹಾಕಿದರೆ ಸಾಕು, ಅವು ಮೂಲೆಗೆ ಓಡಿ ಒಂದರ ಮೇಲೊಂದು ಬೀಳುತ್ತಿದ್ದವು. ಇಲಿ ಅಂದ್ರೆ ಹೀಗೇ, ಪುಕ್ಕಲು ಜಾತಿ ಅಂದುಕೊಂಡಿದ್ದೆ.

ಆಮೇಲೆ 2010ರ ಒಂದು ಅಧ್ಯಯನ ಕಣ್ಣಿಗೆ ಬಿತ್ತು. ಬಾಲ ಹಿಡಿಯದೆ ಕೊಳವೆಯಲ್ಲೋ ಬೊಗಸೆಯಲ್ಲೋ ಎತ್ತಿದರೆ ಇಲಿಗಳಿಗೆ ಗಾಬರಿ ಎಷ್ಟೋ ಕಡಿಮೆಯಂತೆ. ಪಂಜರದಲ್ಲಿ ಒಂದೊಂದು ಪ್ಲಾಸ್ಟಿಕ್ ಕೊಳವೆ ಇಟ್ಟೆ. ಕೆಲವು ದಿನ ಏನೂ ಇಲ್ಲ. ಆಮೇಲೆ ಒಂದು ಇಲಿ ತಾನಾಗಿ ಬಂದು ಕೊಳವೆಯೊಳಗೆ ಕೂತಿತು, ಮೀಸೆ ಅಲ್ಲಾಡಿಸುತ್ತಾ. ಪುಕ್ಕಲುತನ ಅದರದ್ದಾಗಿರಲಿಲ್ಲ. ನನ್ನ ಕೈಯದ್ದಾಗಿತ್ತು.

ಪ್ರಾಣಿ ಬಿಟ್ಟು ಬೇರೆ ದಾರಿ ಹುಡುಕಿ, ಸಂಖ್ಯೆ ಇಳಿಸಿ, ನೋವು ತಗ್ಗಿಸಿ ಅಂತ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ವಿಜ್ಞಾನಿಗಳು 1959ರಲ್ಲೇ ಹೇಳಿದ್ದಾರೆ. ಪ್ರಯೋಗಕ್ಕೆ ಮುಂಚೆ ತುಂಬುವ ನಮ್ಮ ಅರ್ಜಿ ಫಾರಂನಲ್ಲೂ ಅದಕ್ಕೆ ಜಾಗ ಇತ್ತು. 'ನೋವು: ಅತ್ಯಲ್ಪ' ಅಂತ ಯೋಚಿಸದೆ ಬರೆದಿದ್ದೆ. ಬಾಲದ ಬಗ್ಗೆ ಯಾರೂ ಕೇಳಿರಲಿಲ್ಲ.

ಕೊಳವೆಗೆ ನಡೆದು ಬಂದ ಇಲಿಗಳನ್ನೂ ಪ್ರಯೋಗ ಮುಗಿದ ಮೇಲೆ ಕೊಲ್ಲಲೇಬೇಕಿತ್ತು. ಕೊಂದೆ. ಅವು ನನ್ನನ್ನು ನಂಬಿದ್ದರಿಂದ ಆ ಕೆಲಸ ಇನ್ನೂ ಕಷ್ಟವಾಯಿತು.

ಹಾಗಂತ ಎಲ್ಲ ನಿಲ್ಲಿಸಿ ಅನ್ನೋಕೆ ನನಗೆ ಬಾಯಿ ಬರಲ್ಲ. ಅಪ್ಪ ದಿನಾ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. 1921ರಲ್ಲಿ ಅದು ಗೊತ್ತಾಗಿದ್ದು ನಾಯಿಗಳ ಮೇಲಿನ ಪ್ರಯೋಗದಿಂದ. ಎಷ್ಟೋ ವರ್ಷ ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದಲೇ ತೆಗೆಯುತ್ತಿದ್ದರು. ಬ್ಯಾಕ್ಟೀರಿಯಾ ತಯಾರಿಸಿದ ಇನ್ಸುಲಿನ್ 1982ರಲ್ಲಿ ಬಳಕೆಗೆ ಬಂತು. ಬೇರೆ ದಾರಿ ಹುಡುಕಿದರೆ ಸಿಗುತ್ತೆ, ಅಲ್ವಾ?

ಇನ್ನೊಂದು ವಿಷಯ ಹೇಳಲು ನಾಚಿಕೆ. ಒಂದೊಂದು ಇಲಿಗೂ ಲೆಕ್ಕ ಕೊಡುತ್ತಿದ್ದ ನಾನು ಮೊಟ್ಟೆ ತಿನ್ನುವಾಗ ಏನೂ ಯೋಚಿಸುತ್ತಿರಲಿಲ್ಲ. ಮೊಟ್ಟೆಗಾಗಿ ಸಾಕುವ ತಳಿಯಲ್ಲಿ ಗಂಡುಮರಿ ಹುಟ್ಟಿದರೆ ಯಾರಿಗೂ ಬೇಡ. ಮೊಟ್ಟೆ ಇಡಲ್ಲ, ಮಾಂಸಕ್ಕೆ ಬೇಗ ಬೆಳೆಯೋದೂ ಇಲ್ಲ. ಹಾಗಾಗಿ ಹೆಚ್ಚಿನ ಕಡೆ ಹುಟ್ಟಿದ ದಿನವೇ ಕೊಲ್ಲುತ್ತಾರೆ. ಜರ್ಮನಿ 2022ರಿಂದ ಇದನ್ನು ನಿಷೇಧಿಸಿದೆ. ಆ ಮರಿಗಳಿಗೆ ನಂಬರಿನ ಬಿಲ್ಲೆಯೂ ಇಲ್ಲ, ತುಂಬುವ ಫಾರಂ ಕೂಡ ಇಲ್ಲ. ಮೊಟ್ಟೆ ಕಮ್ಮಿ ಮಾಡಿದ್ದೇನೆ. ಪೂರ್ತಿ ಬಿಟ್ಟಿಲ್ಲ.

ಲ್ಯಾಬ್ ಬಿಡುವ ದಿನ ಕೊಳವೆಗಳನ್ನು ಜೂನಿಯರ್ ಹುಡುಗಿಗೆ ಕೊಟ್ಟೆ.

"ಇದಕ್ಕೆ ಟೈಮ್ ಜಾಸ್ತಿ ಬೇಕಲ್ವಾ ಅಕ್ಕಾ?"

"ಮೊದಮೊದಲು ಬೇಕು," ಅಂದೆ.